ಹಲ್ಲು ನೋಡಿ ಕೊಳ್ಳುವ ಜಾತ್ರೆ

ಕ್ರಿಸ್‌ಮಸ್ ಸಂತೆ ನೋಡಲೆಂದೇ ವಾರಾಂತ್ಯಕ್ಕೆ ಸ್ಕ್ಯಾಂಡಿನೇವಿಯಾದ ನಗರಗಳಿಗೆ ಹೋಗಿಬರುವವರಿದ್ದಾರೆ. ಸ್ಟಾಕ್‌ಹೋಮಿನ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯದಲ್ಲಿ 1903ರಿಂದಲೂ ಅಂಥ ಸಂತೆ ಸೇರುತ್ತಿದೆ. ಕೋಪನ್‌ಹೇಗನ್ನಿನ ಟಿವೊಲಿ ಉದ್ಯಾನದಲ್ಲಿ ಅದು ಶುರುವಾದದ್ದು 1994ರಲ್ಲಿ. ಚೆಂದದ ಸಂತೆಗಳೇ ಅವು. ಆದರೆ ಶಿವರಾತ್ರಿಯ ಹೊತ್ತಿಗೆ ತುಮಕೂರಿನ ಅಂಚಿನ ಕ್ಯಾತ್ಸಂದ್ರದ ಬಳಿ, ಸಿದ್ಧಗಂಗೆಯ ಬೆಟ್ಟದ ಬುಡದಲ್ಲಿ ಸೇರುವ ದನಗಳ ಜಾತ್ರೆಗೆ ಅಲ್ಲಿ ಸರಿಜೋಡಿ ಹುಡುಕಬೇಕೆಂದರೆ ಇನ್ನೂ ಬಡಗಣಕ್ಕೆ, ಸ್ವೀಡನ್ನಿನ ಯೋಕ್‌ಮೋಕ್‌ಗೆ ಹೋಗಬೇಕು. ದೊರೆ ಒಂಬತ್ತನೆಯ ಕಾರ್ಲ್ 1605ರಲ್ಲಿ ಹೊರಡಿಸಿದ ಆಜ್ಞೆಯಿಂದ ಹುಟ್ಟಿದ ಆ ಸಂತೆ ಇಂದಿಗೂ ಫೆಬ್ರವರಿಯ ಕೊರೆಯುವ ಚಳಿಯಲ್ಲೇ ನಡೆಯುತ್ತದೆ. ನದಿ, ಕೆರೆಗಳು ಹೆಪ್ಪುಗಟ್ಟಿ ಜಾರುಬಂಡಿಗೆ ದಾರಿಯಾಗುವುದು ಆಗಲೇ. ತುಪ್ಪಳ, ಚರ್ಮಗಳನ್ನು ತರುವ ಸಾಮಿ ಜನ ಒಂದೆಡೆ ಸಿಗುವುದೂ, ದೊರೆಗೆ ತೆರಿಗೆ ಎತ್ತಲು ಅನುಕೂಲವಾಗುವುದೂ ಆಗಲೇ. ಸಂತೆಯ ದಿನವನ್ನು ಗೊತ್ತುಮಾಡಿದ್ದು ದುಡಿಮೆ. ಆ ದುಡಿಮೆ ಇರುವವರೆಗೆ ಸಂತೆಗೆ ಬೇರೆ ಅಲಂಕಾರ ಬೇಕಿಲ್ಲ ಎಂಬುದೇ ನನ್ನ ವಾದ.

ಶಿವರಾತ್ರಿಗೆ ಚಳಿ ಶಿವಶಿವ ಎಂದು ಓಡುತ್ತದೆ ಎನ್ನುವುದು ನಮ್ಮ ಕಡೆಯ ಮಾತು. ಅಷ್ಟರಲ್ಲಿ ರಾಗಿ ಒಕ್ಕಣೆ ಮುಗಿದಿರುತ್ತದೆ. ಮೆದೆಯಲ್ಲಿ ಹುಲ್ಲು, ಕೈಯಲ್ಲಿ ಒಂದಿಷ್ಟು ಕಾಸು, ಕುಯ್ದು ಬರಿದಾದ ಹೊಲ. ಯುಗಾದಿಗೆ ಹೊನ್ನಾರು ಕಟ್ಟಿ, ಮುಂಗಾರಿನ ಮೊದಲ ಮಳೆಗೆ ಉಳಲು ಎತ್ತು ಬೇಕಾದ ರೈತ ಜೋಡಿ ಕೊಳ್ಳಬೇಕಾದ್ದು ಈ ನಡುವಿನ ಬಿಡುವಿನಲ್ಲೇ. ಹುಲ್ಲು ಹೇರಿಕೊಂಡು ಬಂದು ನಾಲ್ಕಾರು ದಿನ ಬಯಲಲ್ಲಿ ದನ ಕಟ್ಟಿ ಕೂರುವುದು ಮಳೆಗಾಲದಲ್ಲಿ ಆಗುವ ಮಾತಲ್ಲ. ಸಿದ್ಧಲಿಂಗೇಶ್ವರನ ತೇರು, ಮಠದ ದಾಸೋಹ, ಪಕ್ಕದಲ್ಲೇ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ಎಲ್ಲವೂ ಈ ಬಿಡುವಿಗೇ ಹೊಂದಿಕೊಂಡಿವೆ. 1941ರಿಂದ 2019ರವರೆಗೆ ಮಠವನ್ನು ನಡೆಸಿದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಸಾವಿರಾರು ಮಕ್ಕಳ ಅನ್ನ, ಅಕ್ಷರಗಳಿಗೆ ಹೆಸರಾದ ಈ ಸ್ಥಳಕ್ಕೂ ಸುತ್ತಲಿನ ಒಕ್ಕಲಿಗೂ ಇರುವ ನಂಟು ಜಾತ್ರೆಯಲ್ಲಿ ಕಣ್ಣಿಗೇ ಕಾಣುತ್ತದೆ.

ಇಲ್ಲಿ ಮುಖ್ಯವಾಗಿ ನೋಡಬೇಕಾದ್ದು ಹಳ್ಳಿಕಾರ್ ತಳಿಯನ್ನು: ಹಿಂದಕ್ಕೆ ಬಾಗಿ ತುದಿಯಲ್ಲಿ ಮೇಲೇಳುವ ಕೋಡು, ನೀಳ ಮುಖ, ಬಿಗಿಯಾದ ಮೈ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ದೇಸಿ ತಳಿಗಳ ಚೀಟಿಗಳನ್ನು ತಂದಾಗ ಅದರಲ್ಲಿ ಹಳ್ಳಿಕಾರ್ ಕೂಡ ಇತ್ತು. ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದಿದ್ದರೆ ಹೆಚ್ಚುಕಡಿಮೆ ಎರಡೂವರೆ ವರ್ಷ. ಎಂಟೂ ಬಂದು ಬಾಯಿಗೂಡಿದ್ದರೆ ಐದರ ಆಸುಪಾಸು. ಆಮೇಲೆ ಸುಳಿ, ಗೊರಸು, ನಡಿಗೆ. ಜೋಡಿಯ ಎತ್ತರ ಸಮವಿದೆಯೇ, ನೊಗಕ್ಕೆ ಪಳಗಿದೆಯೇ ಎಂಬ ವಿಚಾರಣೆ. ಬೆಲೆಯ ಮಾತು ಟವಲಿನ ಮರೆಯಲ್ಲಿ ಬೆರಳುಗಳ ನಡುವೆಯೇ ನಡೆಯುವ ರೂಢಿಯೂ ಉಂಟು. ಇದೇ ಜಿಲ್ಲೆಯ ಕುಣಿಗಲ್‌ನಲ್ಲಿ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಸ್ಟಡ್ ಫಾರ್ಮ್ ಇದೆ. ರೇಸಿನ ಕುದುರೆಯ ತಂದೆ, ತಾಯಿ, ಅಜ್ಜನ ಹೆಸರೆಲ್ಲ ದಾಖಲೆ ಪುಸ್ತಕದಲ್ಲಿರುತ್ತವೆ. ರೈತನ ಹೋರಿಗೆ ಅಂಥ ಕಾಗದವಿಲ್ಲ; ಅದರ ಗುಣವನ್ನು ನೂರಾರು ಅನುಭವಿ ಕಣ್ಣುಗಳ ಮುಂದೆ ತೂಗಿನೋಡುವ ಜಾಗ ಈ ಬಯಲು. ಯಾವ ಹೋರಿಗೆ ಒಳ್ಳೆಯ ಬೆಲೆ ಬಂತು ಎಂಬುದರಿಂದಲೇ ಮುಂದಿನ ವರ್ಷ ಯಾವ ಕರುವನ್ನು ಉಳಿಸಿಕೊಳ್ಳಬೇಕೆಂದು ಮನೆಗಳಲ್ಲಿ ತೀರ್ಮಾನವಾಗುತ್ತದೆ.

ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಎತ್ತು ಯಾಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಉಳುಮೆಯ ಬಹುಪಾಲು ಯಂತ್ರಕ್ಕೆ ಹೋಗಿದೆ, ಎತ್ತು ಕಟ್ಟುವ ಮನೆಗಳು ಕಡಿಮೆಯಾಗಿವೆ. ಆದರೂ ಈ ಮಾತು ಎತ್ತಿನ ಕೆಲಸವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ, ತಳಿಯನ್ನಲ್ಲ. ಒಣಹುಲ್ಲು ತಿಂದು, ಬಿಸಿಲು ತಡೆದು ಬಾಳುವ ದನವನ್ನು ತಲೆಮಾರುಗಳಿಂದ ಆರಿಸಿ ಬೆಳೆಸಿದವರು ರೈತರು. ಸರ್ಕಾರಿ ತಳಿಕೇಂದ್ರವೊಂದೇ ಆ ಆಯ್ಕೆಯನ್ನು ಮಾಡಲಾರದು. 2022ರಲ್ಲಿ ಚರ್ಮಗಂಟು ರೋಗ ಹರಡಿ ರಾಜ್ಯದ ಹಲವೆಡೆ ದನಗಳ ಜಾತ್ರೆ ನಿಂತಾಗ, ಮಾರುವವರಿಗೂ ಕೊಳ್ಳುವವರಿಗೂ ಕೂಡಿ ನೋಡುವ ಜಾಗವೇ ಇಲ್ಲವಾಯಿತು. ರೋಗ ತಡೆಯಲು ಅದು ಬೇಕಾಗಿತ್ತು, ನಿಜ. ಆದರೆ ಹೀಗೆ ಒಂದೆರಡು ವರ್ಷ ತಪ್ಪಿದ ಪರಿಷೆಯಿಂದ ಬರುವವರ ರೂಢಿಯೇ ತಪ್ಪಿಬಿಡುವ ಅಪಾಯವಿದೆ.

ಪ್ರವಾಸಿಗರು ನುಗ್ಗಿದರೆ ಜಾತ್ರೆ ಕೆಡುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಫೋಟೋಗಾಗಿ ಬೆದರುವ ಹೋರಿಯ ಮುಂದೆ ನಿಲ್ಲುವವರಿಂದ ತೊಂದರೆ ಇದ್ದೇ ಇದೆ. ಆದರೆ ನೋಡುಗರನ್ನು ದೂರವಿಟ್ಟು ಜಾತ್ರೆ ಎಂದೂ ಬಾಳಿಲ್ಲ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ಹೆಸರು ಪಡೆದದ್ದು ಊರ ದೇವರು ಚನ್ನಬಸವೇಶ್ವರನಿಂದ; ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ನಾಟಕ ಕಂಪನಿಗಳು ಟೆಂಟು ಹಾಕುತ್ತವೆ. ಜನ ನೆರೆದದ್ದರಿಂದಲೇ ಆ ಕಲೆಗೆ ಅನ್ನ ಸಿಕ್ಕಿತು. ಹೊರಗಿನಿಂದ ಬರುವವರಿಗಾಗಿ ವೇದಿಕೆ, ದೀಪಾಲಂಕಾರಕ್ಕೆ ಹಣ ಸುರಿಯುವ ಬದಲು ದನಗಳಿಗೆ ನೆರಳು, ನೀರಿನ ತೊಟ್ಟಿ, ಪಶುವೈದ್ಯರು, ಬಂದ ಹೆಂಗಸರಿಗೆ ಶೌಚಾಲಯ ಇಷ್ಟನ್ನು ಸರಿಯಾಗಿ ಮಾಡಿದರೆ ರೈತನಿಗೂ ನೋಡುಗನಿಗೂ ಒಟ್ಟಿಗೇ ಒಳಿತು.

ಬೆಂಗಳೂರಿನಿಂದ ಹೋಗುವವರಿಗೆ ದಾರಿ ಸುಲಭ: ಪುಣೆ ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರಿನಷ್ಟು, ರೈಲಿನಲ್ಲಾದರೆ ಕ್ಯಾತ್ಸಂದ್ರದಲ್ಲೇ ಇಳಿಯಬಹುದು. ತಟ್ಟೆ ಇಡ್ಲಿಗೆ ಹೆಸರಾದ ಊರು ಅದು, ಹಸಿವಿನ ಚಿಂತೆಯಿಲ್ಲ. ತೇರಿನ ದಿನವನ್ನೇ ಕಾಯಬೇಡಿ. ವ್ಯಾಪಾರ ಕುದುರಿದ ಜೋಡಿ ಅಲ್ಲೇ ನಿಲ್ಲುವುದಿಲ್ಲ, ಹೊಸ ಮನೆಗೆ ಹೊರಡುತ್ತದೆ. ಹಾಗಾಗಿ ಶಿವರಾತ್ರಿಗೆ ಮುಂಚಿನ ವಾರಾಂತ್ಯದಲ್ಲಿ, ಬಿಸಿಲೇರುವ ಮೊದಲೇ ಬಯಲು ಸೇರುವುದು ಒಳ್ಳೆಯದು.