ಜೀಪಿಗೆ ಹೆಚ್ಚುವರಿ ದೀಪ: ಕಾನೂನು ಏನೆನ್ನುತ್ತದೆ?



ಮಳೆಗಾಲ ಹತ್ತಿರವಾದಂತೆ ನಮ್ಮ ಕಡೆಯ ಜೀಪು, ಪಿಕಪ್‌ಗಳ ಮುಂದೆ ಹೊಸ ದೀಪಗಳು ಕಾಣಿಸಿಕೊಳ್ಳುತ್ತವೆ. ಚಾರ್ಮಾಡಿ, ಆಗುಂಬೆ ಘಾಟಿಗಳ ಮಂಜಿನಲ್ಲಿ ವಾಹನ ನಡೆಸಿದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ನಾವೂ ಹಾಕಿಸಿದ್ದೆವು. ಕಳೆದ ವರ್ಷ ಸಂಘದ ಸಭೆ ಮುಗಿಸಿ ಬರುವಾಗ ನಮ್ಮ ಜೀಪಿನ ಎಲ್.ಇ.ಡಿ. ಪಟ್ಟಿಯ ಬೆಳಕಿಗೆ ಕಣ್ಣು ಕತ್ತಲಿಟ್ಟು, ಎದುರಿನಿಂದ ಬಂದ ಸ್ಕೂಟರು ಚರಂಡಿಗೆ ಇಳಿಯಿತು. ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚಿನ ಪೆಟ್ಟಾಗಲಿಲ್ಲ. ಬಿದ್ದವರು ನಮ್ಮ ತೋಟದ ಕೆಲಸದವರೇ. ಮಾರನೆಯ ದಿನ ದೀಪ ಬಿಚ್ಚಿಸಿದೆವು. ನಂತರ ಕಾನೂನು ಓದಿದೆವು. ಮೊದಲೇ ಓದಬೇಕಾಗಿತ್ತು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಮುಖ್ಯ. ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಬೆಳಕು ಕೋರೈಸಬಾರದು. ದೀಪ ಸದಾ ಹಾಗೆ ಬಗ್ಗಿರಬೇಕು. ಇಲ್ಲವೇ ಚಾಲಕರು ಡಿಮ್ ಮಾಡಿದೊಡನೆ ಬಗ್ಗಬೇಕು, ಅಥವಾ ಆರಿ ಡಿಮ್ ಬೆಳಕಷ್ಟೇ ಉಳಿಯಬೇಕು. ಬೇರೆ ಸ್ವಿಚ್ಚಿನಿಂದ ಉರಿದು, ಡಿಮ್ ಮಾಡಿದರೂ ಆರದ ಪ್ರಖರ ದೀಪ ಈ ನಿಯಮಕ್ಕೆ ಹೊಂದುವುದಿಲ್ಲ. 111ನೆಯ ನಿಯಮದಂತೆ, ವಿಶೇಷ ಸಂದರ್ಭದಲ್ಲಿ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆದ ಹೊರತು, ಮುಂಭಾಗಕ್ಕೆ ಸ್ಪಾಟ್ ಲೈಟು, ಸರ್ಚ್ ಲೈಟು ಹಾಕುವಂತಿಲ್ಲ. ಮುಂದಕ್ಕೆ ಕೆಂಪು ಬೆಳಕು ತೋರಿಸುವುದಕ್ಕೂ ನಿಷೇಧವಿದೆ.

ಮಂಜಿನ ದೀಪದ ಮಾತು ಬೇರೆ. ಮಂಜೆಂದರೆ ನೀರಿನ ಸೂಕ್ಷ್ಮ ಹನಿಗಳು. ಮೇಲಿನಿಂದ ಬಿದ್ದ ಬೆಳಕು ಅವುಗಳಿಂದ ಚದುರಿ ನಮ್ಮ ಕಣ್ಣಿಗೇ ಮರಳುತ್ತದೆ. ಆದ್ದರಿಂದ ಮಂಜಿನ ದೀಪವನ್ನು ಜೋಡಿಯಾಗಿ, ಹೆಡ್‌ಲೈಟಿಗಿಂತ ತಗ್ಗಿನಲ್ಲಿ, ರಸ್ತೆಗೆ ಬಗ್ಗಿಸಿ ಕೂರಿಸಬೇಕು. ಬಿಳಿ ಅಥವಾ ಹಳದಿ ಬಣ್ಣದ್ದಾಗಿರಬೇಕು. ಛಾವಣಿಯ ಮೇಲಿನ ದೀಪ ಮಂಜಿನಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ದೀಪ ಕಟ್ಟಲು ಕಬ್ಬಿಣದ ಗಾರ್ಡು ಹಾಕಿಸುವವರು, 2017ರ ಡಿಸೆಂಬರಿನಲ್ಲೇ ಅಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರವು ರಾಜ್ಯಗಳಿಗೆ ಬರೆದಿದೆ ಎಂಬುದನ್ನು ನೆನಪಿಡಬೇಕು.

ದಂಡದ ವಿಷಯ: 2019ರ ತಿದ್ದುಪಡಿಯಿಂದ ಬದಲಾದ 182ಎ ಕಲಮಿನಂತೆ, ನಿಯಮಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ ಆಗಬಹುದು. ಕಣ್ಣು ಕೋರೈಸುವ ದೀಪಗಳ ಮೇಲೆ ನಮ್ಮ ರಾಜ್ಯದ ಪೊಲೀಸರು 2024ರ ಜುಲೈಯಲ್ಲಿ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು.

ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಕಾಫಿ ಕಣದ ಸಮ ನೆಲದಲ್ಲಿ ವಾಹನ ನಿಲ್ಲಿಸಿ, ಸುಮಾರು 26 ಅಡಿ ದೂರದಲ್ಲಿ, ಬಲಭಾಗಕ್ಕೆ ಅರ್ಧ ಮೀಟರ್ ಸರಿದು, ಕಣ್ಣು ಐದಡಿ ಎತ್ತರಕ್ಕೆ ಬರುವಂತೆ ನಿಂತು ನೋಡಿ. ಹಿಂದೆ ಅಡಿಕೆ ಮೂಟೆ ಹೇರಿದಾಗ ಮೂತಿ ಮೇಲೆದ್ದು ಬೆಳಕೂ ಏರುತ್ತದೆ. ಆದ್ದರಿಂದ ಹೇರು ಇಟ್ಟೇ ಇನ್ನೊಮ್ಮೆ ನೋಡುವುದು ಲೇಸು. ಆ ಜಾಗದಲ್ಲಿ ನಿಮಗೆ ಕಣ್ಣು ಬಿಡಲಾಗದಿದ್ದರೆ, ಸಂಜೆ ಲೈನಿಗೆ ಮರಳುವ ಕೆಲಸದವರಿಗೂ ಬಿಡಲಾಗದು.

– ಕಾರ್ಯದರ್ಶಿ