ಬೌಲಿಂಗ್ ಚೆಂಡು ತಿರುಗದೆ ಜಾರುವುದೇಕೆ?

ಪ್ರಶ್ನೆ: ಬೆಂಗಳೂರಲ್ಲಿ ಓದುವ ಮಗನ ಜೊತೆ ಮಾಲ್‌ನಲ್ಲಿ ಬೌಲಿಂಗ್ ಆಡಿದೆ. ಎಷ್ಟು ತಿರುಚಿ ಬಿಟ್ಟರೂ ಚೆಂಡು ನೆಟ್ಟಗೇ ಹೋಗುತ್ತಿತ್ತು. ಚೆಂಡು ಉರುಳುವ ಹಾಸಿನ ಮೇಲೆ ಎಣ್ಣೆ ಹಚ್ಚಿರುತ್ತಾರಂತೆ, ಹೌದಾ? – ಓದುಗರೊಬ್ಬರು, ಶಹಾಪುರ

ಉತ್ತರ: ಹೌದು, ಬೇಕೆಂತಲೇ ಹಚ್ಚುತ್ತಾರೆ. ಚೆಂಡು ಬಿಡುವ ಗೆರೆಯಿಂದ ಮುಂದಿನ ಪಿನ್ನಿಗೆ 60 ಅಡಿ. ಅದರಲ್ಲಿ ಸುಮಾರು 40 ಅಡಿಯವರೆಗೆ ಯಂತ್ರ ತೆಳುವಾಗಿ ಎಣ್ಣೆ ಬಳಿಯುತ್ತದೆ. ಸಾಮಾನ್ಯವಾಗಿ ನಡುವೆ ಹೆಚ್ಚು, ಅಂಚಿಗೆ ಕಡಿಮೆ. ಮೊದಲು ಇದು ಮರದ ಹಾಸು ಸವೆಯದಿರಲಿ ಎಂದು ಶುರುವಾದದ್ದು. ಮಳೆ ಬಿದ್ದ ಎರೆ ಹೊಲದ ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಉಳಿದದ್ದು ಹೇಳಬೇಕಿಲ್ಲ: ಹಸಿಯಲ್ಲಿ ಜಾರುತ್ತದೆ, ಒಣ ನೆಲ ಸಿಕ್ಕಾಗ ಹಿಡಿತ ಬರುತ್ತದೆ.

ಎಣ್ಣೆ ಜಾಸ್ತಿ ಅನಿಸಿದರೆ ವೇಗ ತಗ್ಗಿಸಿ. ಜೋರಾಗಿ ಎಸೆದ ಚೆಂಡಿಗೆ ಹಿಡಿತ ಸಿಗುವಷ್ಟರಲ್ಲಿ ಪಿನ್ ಬಂದುಬಿಡುತ್ತದೆ. ಬಲಗೈಯವರು ಬಲ ಅಂಚಿನತ್ತ ಸರಿದು ಆಡಬಹುದು.

ಆದರೆ ನಿಮ್ಮ ತೊಂದರೆ ಬಹುಶಃ ಕೈಯದ್ದಲ್ಲ, ಚೆಂಡಿನದ್ದು. ಅಲ್ಲಿ ಕೊಡುವ ಚೆಂಡುಗಳು ಹೆಚ್ಚಾಗಿ ಗಟ್ಟಿ ನುಣುಪು ಪ್ಲಾಸ್ಟಿಕ್ಕಿನವು. ಒಣ ಹಾಸಿನಲ್ಲೂ ಅಷ್ಟಾಗಿ ತಿರುಗವು. ಪಳಗಿದ ಆಟಗಾರರು ಸೂಕ್ಷ್ಮ ರಂಧ್ರಗಳಿರುವ ರಿಯಾಕ್ಟಿವ್ ರೆಸಿನ್ ಚೆಂಡು ಇಟ್ಟುಕೊಳ್ಳುತ್ತಾರೆ. ಎಣ್ಣೆ ಹೆಚ್ಚಿದ್ದರೆ ಆಟಕ್ಕೆ ಮುಂಚೆಯೇ ಅದರ ಮೈಯನ್ನು ಉಜ್ಜಿ ಹೊಳಪು ತೆಗೆಯುತ್ತಾರೆ. ಮರಳಿ ಬಂದ ಚೆಂಡಿನ ಮೇಲೆ ಎಣ್ಣೆಯ ಸುತ್ತುಗೆರೆ ಕಾಣುತ್ತದೆ, ಪ್ರತಿ ಸಲ ಬಟ್ಟೆಯಿಂದ ಒರೆಸಿಕೊಳ್ಳಿ. ಗೆರೆ ದಾಟಿ ಮಾತ್ರ ಕಾಲಿಡಬೇಡಿ, ಚೆಂಡಿಗಿಂತ ಮೊದಲು ನೀವೇ ಜಾರುತ್ತೀರಿ.