ಟಿಕೆಟ್ ಕೊಂಡರಷ್ಟೇ ಸಾಲದು, ಮುದ್ರೆಯೂ ಬೀಳಬೇಕು

ಉಡುಪಿ ಸೀಮೆಯ ಬಸ್ಸುಗಳಲ್ಲಿ ಟಿಕೆಟ್ ತಾನಾಗಿಯೇ ಪ್ರಯಾಣಿಕರ ಬಳಿಗೆ ಬರುತ್ತದೆ. ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳಕ್ಕೆ ಹೋಗುವ ಬಸ್ಸಾಗಲಿ, ಉದ್ಯಾವರ, ಕಟಪಾಡಿ ಮೂಲಕ ಕಾಪುವಿಗೆ ಹೋಗುವ ಬಸ್ಸಾಗಲಿ, ಹತ್ತಿ ಕುಳಿತರೆ ಸಾಕು. ಕಂಡಕ್ಟರ್ ಬಂದು ಎಲ್ಲಿಗೆಂದು ಕೇಳಿ, ದುಡ್ಡು ತೆಗೆದುಕೊಂಡು, ಕೈಯಲ್ಲಿನ ಮಿಶಿನ್ನಿನಿಂದ ಚೀಟಿ ಹರಿದು ಕೊಡುತ್ತಾರೆ. ಇಂದ್ರಾಳಿಯ ರೈಲು ನಿಲ್ದಾಣದಲ್ಲೂ ಅಷ್ಟೇ. ಕೌಂಟರಿನಲ್ಲಿ ಕೊಂಡ ಟಿಕೆಟ್ಟಿನ ಮೇಲೆ ದಿನಾಂಕ, ಹೊತ್ತು ಆಗಲೇ ಅಚ್ಚಾಗಿರುತ್ತದೆ. ಹಳೆಯ ಕಾಲದ ದಪ್ಪ ರಟ್ಟಿನ ಟಿಕೆಟ್ ಇದ್ದಾಗಲೂ ತಾರೀಖು ಒತ್ತುವ ಕೆಲಸ ಗುಮಾಸ್ತರದ್ದಾಗಿತ್ತು. ಟಿಕೆಟ್ಟನ್ನು ಊರ್ಜಿತಗೊಳಿಸುವ ಹೊಣೆ ಇಲ್ಲಿ ಯಾವತ್ತೂ ಪ್ರಯಾಣಿಕರ ಮೇಲೆ ಬಿದ್ದದ್ದಿಲ್ಲ.

ಯುರೋಪಿನ ಎಷ್ಟೋ ಊರುಗಳಲ್ಲಿ ಈ ಹೊಣೆ ಪೂರ್ತಿಯಾಗಿ ಪ್ರಯಾಣಿಕರದ್ದೇ. ಅಲ್ಲಿ ಕೊಂಡ ಕಾಗದದ ಟಿಕೆಟ್ಟಿಗೆ ಹಲವು ಕಡೆ ದಿನಾಂಕವೇ ಇರುವುದಿಲ್ಲ. ಒಮ್ಮೆಗೆ ಹತ್ತು ಕೊಂಡು ಚೀಲದಲ್ಲಿ ಇಟ್ಟುಕೊಳ್ಳಬಹುದು. ಪ್ರಯಾಣದ ದಿನ ನಿಲ್ದಾಣದಲ್ಲೋ ಬಸ್ಸಿನೊಳಗೋ ಇರುವ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಂಡಾಗಲೇ ಅದಕ್ಕೆ ಬೆಲೆ. ಮುದ್ರೆ ಇಲ್ಲದ ಟಿಕೆಟ್ಟನ್ನು ಮತ್ತೆ ಮತ್ತೆ ಬಳಸಬಹುದಾದ್ದರಿಂದ ತಪಾಸಣೆಯವರ ಕಣ್ಣಿನಲ್ಲಿ ಅದು ಟಿಕೆಟ್ಟೇ ಅಲ್ಲ. ಮಣಿಪಾಲದಿಂದ ಓದಲು ಹೋದ ಹುಡುಗನೋ ಮಗಳ ಮನೆಗೆ ಹೋದ ತಾಯಿಯೋ ದುಡ್ಡು ಕೊಟ್ಟೂ ದಂಡ ತೆರುವ ಪ್ರಸಂಗ ಬರುವುದು ಇಲ್ಲಿಯೇ.

ಈ ಪದ್ಧತಿ ಭಾರತಕ್ಕೆ ತೀರ ಹೊಸದೇನಲ್ಲ. ಹೋಟೆಲು, ಬ್ಯಾಂಕು, ಕಚೇರಿಗಳ ಕೆಲಸಕ್ಕೆಂದು ಮುಂಬೈ ಸೇರಿದ ಉಡುಪಿ, ಕಾರ್ಕಳದವರಿಗೆ ಅಲ್ಲಿನ ಲೋಕಲ್ ರೈಲಿನ ಕೂಪನ್ ನೆನಪಿರುತ್ತದೆ. ಕೂಪನ್ ಪುಸ್ತಕ ಕೊಂಡಿಟ್ಟುಕೊಂಡು, ರೈಲು ಹತ್ತುವ ಮೊದಲು ದರಕ್ಕೆ ತಕ್ಕಷ್ಟು ಕೂಪನ್ನುಗಳಿಗೆ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕಿತ್ತು. ಕೌಂಟರಿನ ಉದ್ದ ಸಾಲು ತಪ್ಪಿಸುತ್ತಿದ್ದ ಈ ಏರ್ಪಾಡು 2015ರ ಸುಮಾರಿಗೆ ನಿಂತಿತು.

ಇಟಲಿಯಲ್ಲಿ ಈ ನಿಯಮ ಬಲು ಕಟ್ಟುನಿಟ್ಟು. ಸೀಟು ಕಾಯ್ದಿರಿಸಿದ ವೇಗದ ರೈಲುಗಳ ಟಿಕೆಟ್ಟಿನಲ್ಲಿ ರೈಲು, ಹೊತ್ತು ಎರಡೂ ನಮೂದಾಗಿರುವುದರಿಂದ ಮುದ್ರೆ ಬೇಡ. ಊರಿಂದೂರಿಗೆ ಓಡುವ ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟ್ಟಿಗೆ ಮಾತ್ರ ಹತ್ತುವ ಮೊದಲೇ ಮುದ್ರೆ ಬೀಳಬೇಕು. ಟಿಕೆಟ್ಟಿನ ತುದಿಯನ್ನು ಯಂತ್ರದ ಸೀಳಿಗೆ ಒತ್ತಿ ಹಿಡಿದರೆ ಕಿರ್ರೆಂದು ಸದ್ದಾಗಿ ತಾರೀಖು, ಗಂಟೆ, ನಿಲ್ದಾಣದ ಗುರುತು ಒಂದು ಸಾಲಿನಲ್ಲಿ ಮೂಡುತ್ತವೆ. ಸದ್ದು ಕೇಳಿದ ಮಾತ್ರಕ್ಕೆ ನಡೆದುಬಿಡಬಾರದು. ಶಾಯಿ ಒಣಗಿದ ಯಂತ್ರ ಸದ್ದು ಮಾಡಿಯೂ ಏನನ್ನೂ ಅಚ್ಚೊತ್ತದೆ ಇರಬಹುದು, ಆದ್ದರಿಂದ ಅಕ್ಷರ ಮೂಡಿದ್ದನ್ನು ಕಣ್ಣಾರೆ ನೋಡಿಕೊಳ್ಳಬೇಕು. ಯಂತ್ರ ಕೆಟ್ಟಿದ್ದರೆ ಟಿಕೆಟ್ಟಿನ ಮೇಲೆ ಪೆನ್ನಿನಿಂದ ದಿನ, ಹೊತ್ತು, ನಿಲ್ದಾಣದ ಹೆಸರು ಬರೆದು, ಹತ್ತಿದ ಕೂಡಲೇ ತಾವೇ ಹುಡುಕಿಕೊಂಡು ಹೋಗಿ ರೈಲಿನ ಸಿಬ್ಬಂದಿಗೆ ತೋರಿಸುವುದು ಸರಿಯಾದ ದಾರಿ. ಅವರಾಗಿಯೇ ಬರುವವರೆಗೆ ಕುಳಿತರೆ ನೆಪವೆಂದು ತಿಳಿದಾರು. ರೋಮ್ ನಗರದ ಮಾಮೂಲಿ ಬಸ್ ಟಿಕೆಟ್ ಮುದ್ರೆ ಬಿದ್ದ ಹೊತ್ತಿನಿಂದ 100 ನಿಮಿಷ ನಡೆಯುತ್ತದೆ.

ಬರ್ಲಿನ್ನಿನ ಮೆಟ್ರೋ ನಿಲ್ದಾಣಗಳಲ್ಲಿ ಗೇಟೇ ಇಲ್ಲ, ಯಾರೂ ತಡೆಯುವುದಿಲ್ಲ. ಬೆಂಗಳೂರಿನ ಮೆಟ್ರೋದಲ್ಲಿ ಗೇಟು ತೆರೆಸಿ ಒಳಹೋಗುವ ರೂಢಿಯವರಿಗೆ ಇದು ಬಿಟ್ಟಿ ಪ್ರಯಾಣದಂತೆ ಕಾಣಬಹುದು. ಆದರೆ ಮಾಮೂಲಿ ಉಡುಪಿನಲ್ಲಿ, ಯಾರಿಗೂ ಗುರುತು ಸಿಗದಂತೆ ಡಬ್ಬಿ ಹತ್ತುವ ತಪಾಸಣೆಯವರಿಗೆ ಮುದ್ರೆ ಇಲ್ಲದ ಟಿಕೆಟ್ ಸಿಕ್ಕಿದರೆ ದಂಡ 60 ಯೂರೋ. ಹೊಸಬರು, ಭಾಷೆ ಗೊತ್ತಿಲ್ಲ ಎಂಬ ಮಾತಿಗೆ ಅಲ್ಲಿ ಸಾಮಾನ್ಯವಾಗಿ ರಿಯಾಯಿತಿ ಸಿಗುವುದಿಲ್ಲ. ಇದನ್ನು ಕಠಿಣವೆನ್ನಬಹುದು, ಅನ್ಯಾಯವೆನ್ನಲಾಗದು: ಗೇಟಿಲ್ಲದ ವ್ಯವಸ್ಥೆ ನಿಂತಿರುವುದೇ ಪ್ರಯಾಣಿಕರ ಮೇಲಿನ ನಂಬಿಕೆಯ ಮೇಲೆ. ಪ್ರಾಗ್‌ನಲ್ಲೂ ಹೀಗೆಯೇ, ಮೆಟ್ರೋಗೆ ಇಳಿಯುವ ಜಾಗದಲ್ಲಿ ಹಳದಿ ಯಂತ್ರಗಳಿವೆ. ಸಂಶಯ ಬಂತೆಂದು ಅದೇ ಟಿಕೆಟ್ಟಿಗೆ ಎರಡನೇ ಸಲ ಮುದ್ರೆ ಹಾಕಿದರೆ ಅದು ರದ್ದಾಗುತ್ತದೆ.

ಕಾರ್ಡು ಬಂದ ಮೇಲೆ ಮುದ್ರೆಯ ಜಾಗಕ್ಕೆ ಟ್ಯಾಪ್ ಬಂದಿದೆ. ಲಂಡನ್ನಿನ ಮೆಟ್ರೋದಲ್ಲಿ ಹತ್ತುವಾಗಲೂ ಇಳಿದ ಮೇಲೂ ಕಾರ್ಡು ತಾಗಿಸಬೇಕು, ಮರೆತರೆ ಗರಿಷ್ಠ ದರ ಕಡಿತವಾಗುತ್ತದೆ. ಅಲ್ಲಿನ ಬಸ್ಸಿನಲ್ಲಿ ಹತ್ತುವಾಗ ತಾಗಿಸಿದರೆ ಸಾಕು. 2014ರ ಜುಲೈಯಿಂದ ಆ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ. ಸಿಂಗಾಪುರದಲ್ಲಿ ಬಸ್ಸಿನಿಂದ ಇಳಿಯುವಾಗಲೂ ತಾಗಿಸಬೇಕು, ಇಲ್ಲವಾದರೆ ಬಸ್ಸಿನ ಕೊನೆಯ ಸ್ಟಾಪಿನವರೆಗಿನ ದರ ಬೀಳುತ್ತದೆ. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ದುಡಿಯುವ ದುಬೈಯ ನೋಲ್ ಕಾರ್ಡನ್ನೂ ಬಸ್ಸು, ಮೆಟ್ರೋ ಎರಡರಲ್ಲೂ ಎರಡು ಸಲ ತಾಗಿಸಬೇಕು.

ಯುರೋಪು ಸುತ್ತುವ ವಿದ್ಯಾರ್ಥಿಗಳು ಕೊಳ್ಳುವ ಯುರೇಲ್ ಪಾಸಿಗೂ ಇದೇ ನ್ಯಾಯ. ಕೊಂಡ 11 ತಿಂಗಳೊಳಗೆ ಅದನ್ನು ಚಾಲನೆಗೊಳಿಸಬೇಕು. ಮೊಬೈಲ್ ಪಾಸಾದರೆ ಪ್ರತಿ ರೈಲನ್ನೂ ಹತ್ತುವ ಮೊದಲೇ ಆ್ಯಪಿನಲ್ಲಿ ಸೇರಿಸಿರಬೇಕು, ಕೇಳಿದರೆ ಪಾಸ್‌ಪೋರ್ಟ್ ತೋರಿಸಬೇಕು.

ನಿಯಮ ಊರಿಂದೂರಿಗೆ ಬೇರೆ. ಕೆಲವು ಕಡೆ ಯಂತ್ರದಿಂದ ಕೊಂಡ ಟಿಕೆಟ್ಟಿಗೆ ಮುದ್ರೆ ಮೊದಲೇ ಬಿದ್ದಿರುತ್ತದೆ. ಹಾಗಾಗಿ ಮಕ್ಕಳನ್ನೋ ಹಿರಿಯರನ್ನೋ ವಿದೇಶಕ್ಕೆ ಕಳಿಸುವವರು ಪಾಸ್‌ಪೋರ್ಟು, ವೀಸಾ, ಉಪ್ಪಿನಕಾಯಿಯ ಜೊತೆಗೆ ಈ ಮಾತನ್ನೂ ಹೇಳಿ ಕಳಿಸಲಿ: ಟಿಕೆಟ್ ಕೊಳ್ಳುವಾಗಲೇ ಇದಕ್ಕೆ ಮುದ್ರೆ ಬೇಕೇ, ಎಲ್ಲಿ ಹಾಕಬೇಕು ಎಂದು ಕೇಳಿಕೊಳ್ಳಬೇಕು, ರೈಲು ಹತ್ತಿದ ಮೇಲಲ್ಲ.